ಹೆಬ್ಬಾತಿನ ಬೆನ್ನು ಹತ್ತಿ: ನಾನೊಬ್ಬಳೇ ಕಾರು ಓಡಿಸಿದ ಏಳು ದಿನ

ಹೊರಡುವ ಹಿಂದಿನ ರಾತ್ರಿ

ಅಮ್ಮ ಡಬ್ಬಿಗೆ ಚಕ್ಕುಲಿ ತುಂಬುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಪ್ಪ ಹೊರಗೆ ನಿಂತು ಮೂರನೇ ಸಲ ಟೈರು ಒತ್ತಿ ನೋಡುತ್ತಿದ್ದರು. ನಾನು ಒಂದು ಹಾಳೆಯಲ್ಲಿ ನಾಲ್ಕು ಊರಿನ ಹೆಸರು, ನಾಲ್ಕು ಫೋನ್ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಆ ನಾಲ್ಕು ಜನರಲ್ಲಿ ಒಬ್ಬರನ್ನೂ ನಾನು ಎದುರಿಗೆ ನೋಡಿರಲಿಲ್ಲ.

ಇದು ಶುರುವಾಗಿದ್ದು ಮೂರು ವರ್ಷದ ಹಿಂದೆ. ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆಗೆ ಗೆಳತಿಯರ ಜೊತೆ ಸುಮ್ನೆ ಹೋಗಿದ್ದೆ. ಅಲ್ಲಿ ಬಾತುಕೋಳಿಗಿಂತ ದೊಡ್ಡದಾದ ಬೂದು ಹಕ್ಕಿಗಳ ಹಿಂಡು ಇತ್ತು, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಒಂದು ಹಕ್ಕಿಯ ಕೊರಳಲ್ಲಿ ಮಾತ್ರ ಉಂಗುರದಂಥ ಪಟ್ಟಿ, ಅದರ ಮೇಲೆ ಏನೋ ಅಕ್ಷರ. ಫೋಟೋ ತೆಗೆದು ಹಕ್ಕಿ ನೋಡುವವರ ಒಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅದು ಪಟ್ಟೆತಲೆ ಹೆಬ್ಬಾತು, ಕೊರಳಪಟ್ಟಿ ಹಾಕಿದ್ದು ಮಂಗೋಲಿಯಾದಲ್ಲಿ. ಅಂದರೆ ನಾನು ಕೂತಿದ್ದ ಏರಿಯ ಮುಂದೆ ಹಿಮಾಲಯ ದಾಟಿ ಬಂದ ಹಕ್ಕಿ ಈಜುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ದಿನಾ ಅದೇ. ಬೆಳಿಗ್ಗೆ ಫೋಟೋ, ಸಂಜೆ ಮಾತು. ಹಕ್ಕಿ ಮಾತು ಮುಗಿದ ಮೇಲೆ ಪರೀಕ್ಷೆಯ ಮಾತು, ಮನೆಯ ಮಾತು. ಕಾಲೇಜಿನಲ್ಲಿ ಯಾರಿಗೂ ಹೇಳದ ಎಷ್ಟೋ ವಿಷಯ ಆ ಗುಂಪಿನ ಈ ನಾಲ್ಕು ಜನಕ್ಕೆ ಗೊತ್ತು. ಒಂದು ಮಾತು ಇಲ್ಲೇ ಹೇಳಬೇಕು, ಯಾಕೆಂದರೆ ಈ ಪ್ರವಾಸದಲ್ಲಿ ಅದೇ ನನಗೆ ಮುಖ್ಯವಾಯಿತು. ನಾನು ಯಾವ ಹಕ್ಕಿಯ ಹೆಸರು ಬರೆದರೂ ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕುತ್ತಿದ್ದೆ. ಚೆನ್ನಾಗಿ ಗೊತ್ತಿದ್ದ ಹಕ್ಕಿಗೂ ಹಾಕುತ್ತಿದ್ದೆ. ಯಾರಾದರೂ ಹೌದು ಅನ್ನುವವರೆಗೆ ನನಗೆ ಧೈರ್ಯ ಬರುತ್ತಿರಲಿಲ್ಲ.

ಹೊರಡುವಾಗ ನನಗೆ 23. ಡಿಗ್ರಿ ಮುಗಿದಿತ್ತು, ಜನವರಿಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. 2024ರ ಡಿಸೆಂಬರ್ ಕೊನೆಯಲ್ಲಿ ಕೈಯಲ್ಲಿ ಒಂದು ವಾರ ಉಳಿದಿತ್ತು. ಅಪ್ಪನ ಹಳೇ ಆಲ್ಟೋ ತಗೊಂಡು ನಾಲ್ಕೂ ಜನರನ್ನು ನೋಡಿ ಬರುತ್ತೇನೆ ಅಂದೆ. ಎರಡು ವಾರ ಜಗಳ ನಡೆಯಿತು. ಕೊನೆಗೆ ಅಮ್ಮ ನಾಲ್ಕೂ ಮನೆಯವರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದಳು, ನಾಲ್ಕು ಕರಾರು ಹಾಕಿದಳು. ಕತ್ತಲಾದ ಮೇಲೆ ಗಾಡಿ ಓಡಿಸಬಾರದು. ಲೊಕೇಶನ್ ಸದಾ ಆನ್ ಇರಬೇಕು. ಯಾರನ್ನೇ ಆಗಲಿ ಮೊದಲು ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿ ಆಗಬೇಕು. ಮನಸ್ಸಿಗೆ ಸರಿ ಅನಿಸದಿದ್ದರೆ ಕಾರಣ ಹೇಳದೆ ಎದ್ದು ಬರಬೇಕು. ಆಗ ಸಿಟ್ಟು ಬಂದಿತ್ತು. ಈಗ ಯಾವ ಹುಡುಗಿ ಕೇಳಿದರೂ ನಾನು ಈ ನಾಲ್ಕನ್ನೇ ಹೇಳುತ್ತೇನೆ, ಜೊತೆಗೆ 112 ನಂಬರನ್ನು ಫೋನಿನ ಮೊದಲ ಪುಟದಲ್ಲಿ ಇಟ್ಟುಕೋ ಅನ್ನುತ್ತೇನೆ.

ದಿನ 1: ಮೈಸೂರು – ಹಿರಿಯೂರು

ಬೆಳಿಗ್ಗೆ ಆರೂವರೆಗೆ ಹೊರಟೆ. ಅಮ್ಮ ಗೇಟಿನ ಹತ್ತಿರ ನಿಂತು "ಹುಷಾರು ಕಣೇ" ಅಂದಳು, ಅಷ್ಟೇ. ಅಪ್ಪ ಪಕ್ಕದ ಸೀಟಿನ ಬಾಗಿಲು ತೆಗೆದು, ಒಳಗೊಮ್ಮೆ ನೋಡಿ, ಮತ್ತೆ ಮುಚ್ಚಿದರು. ನನಗೆ ಡ್ರೈವಿಂಗ್ ಕಲಿಸಿದ್ದು ಅವರೇ. ಆ ಸೀಟಿನಲ್ಲಿ ಕೂತು ನಾನು ಬ್ರೇಕ್ ಹಾಕಬೇಕಾದಾಗಲೆಲ್ಲ ಅವರ ಬಲಗಾಲು ನೆಲ ಒತ್ತುತ್ತಿತ್ತು. ಶ್ರೀರಂಗಪಟ್ಟಣ ದಾಟುವವರೆಗೂ ನಾನು ಎರಡು ಮೂರು ಸಲ ಎಡಕ್ಕೆ ತಿರುಗಿ ನೋಡಿದೆ, ಅವರು ಇದ್ದಾರೇನೋ ಅನ್ನುವ ಹಾಗೆ.

ದಾರಿ 150ಎ ಹೆದ್ದಾರಿ. ಪಾಂಡವಪುರ, ನಾಗಮಂಗಲ, ಬೆಳ್ಳೂರು ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು, ಆಮೇಲೆ ಹಿರಿಯೂರು, ಸುಮಾರು 200 ಕಿಲೋಮೀಟರ್. ಪಾಂಡವಪುರದ ಕಡೆ ಮಂಜು ಇತ್ತು, ಮಂಜಿನೊಳಗೆ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಲೈಟೂ ಇಲ್ಲದೆ ಹೋಗುತ್ತಿತ್ತು. ಅದರ ಹಿಂದೆ ಎಷ್ಟು ಹೊತ್ತು ಹೋದೆನೋ ಗೊತ್ತಿಲ್ಲ. ಓವರ್‌ಟೇಕ್ ಮಾಡೋದಾ ಬೇಡವಾ ಅಂತ ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಕೈ ಬೆವರುತ್ತಿತ್ತು. ಕೊನೆಗೆ ರಸ್ತೆ ನೇರ ಆದ ಕಡೆ ಮೂರನೇ ಗೇರಿಗೆ ಇಳಿಸಿ ದಾಟಿದೆ. ದಾಟಿದ ಮೇಲೆ ಜೋರಾಗಿ ಕೂಗಿಬಿಟ್ಟೆ. ಕಾರಿನಲ್ಲಿ ಒಬ್ಬಳೇ ಇದ್ದೆನಲ್ಲ, ಕೂಗಬಹುದು.

ನಾಗಮಂಗಲ ಆದ ಮೇಲೆ ಕಬ್ಬು ಹೋಗಿ ತೆಂಗು ಬರುತ್ತದೆ, ಹುಳಿಯಾರು ಆದ ಮೇಲೆ ತೆಂಗೂ ಕಡಿಮೆಯಾಗಿ ಬಯಲು ಬರುತ್ತದೆ. ತಂತಿ ಮೇಲೆ ನೀಲಕಂಠ ಕೂತಿತ್ತು, ನಮ್ಮ ರಾಜ್ಯದ ಹಕ್ಕಿ. ಕೂತಾಗ ಕಂದು ಕಾಣುತ್ತದೆ, ಹಾರಿದಾಗ ರೆಕ್ಕೆಯಲ್ಲಿ ಆಕಾಶ ಬಿಚ್ಚಿದ ಹಾಗಿರುತ್ತದೆ.

ಹಿರಿಯೂರಿನ ಅಕ್ಕನನ್ನು ಭೇಟಿಯಾಗಿದ್ದು ವಾಣಿವಿಲಾಸ ಸಾಗರದ ಹತ್ತಿರ, ಜನ ಜಾಸ್ತಿ ಇರುವ ಜಾಗದಲ್ಲಿ. ನಾನು ಅವರನ್ನು ಕಾಲೇಜು ಉಪನ್ಯಾಸಕಿ ಅಂದುಕೊಂಡಿದ್ದೆ, ಅಷ್ಟು ಖಚಿತವಾಗಿ ಬರೆಯುತ್ತಾರೆ. ಬಂದವರು ಹೆಗಲಿಗೆ ಟೇಪು ಹಾಕಿಕೊಂಡೇ ಬಂದಿದ್ದರು. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ, ಎರಡು ಮಕ್ಕಳ ತಾಯಿ. "ಬಾರಮ್ಮಾ, ಇಷ್ಟು ಸಣ್ಣೋಳಾ ನೀನು?" ಅಂದು ಕೆನ್ನೆ ಸವರಿದರು. ನನಗೆ ಗಂಟಲು ಕಟ್ಟಿತು.

ವೇದಾವತಿಗೆ ಕಟ್ಟಿದ ಈ ಅಣೆಕಟ್ಟೆ 1907ರಲ್ಲಿ ಮುಗಿದಿದ್ದು, ಊರವರಿಗೆ ಇದು ಇವತ್ತಿಗೂ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬೀಳಲೇ ಇಲ್ಲ, ಮತ್ತೆ ಬಿದ್ದಿದ್ದು 2022ರಲ್ಲಿ. ನಾನು ಹೋದಾಗ ನೀರು 130 ಅಡಿಗೆ ಹತ್ತಿರ ಹತ್ತಿರ ಬಂದಿತ್ತು, ಜನ ಇವತ್ತೋ ನಾಳೆಯೋ ಅಂತ ಕಾಯುತ್ತಿದ್ದರು. ಜನವರಿಯಲ್ಲಿ ಬಿತ್ತು, ಅಕ್ಕ ವಿಡಿಯೋ ಕಳಿಸಿದರು.

ಅಕ್ಕನ ಹತ್ತಿರ ದುರ್ಬೀನು ಇಲ್ಲ. ಅವರು ಕಿವಿಯಲ್ಲಿ ಹಕ್ಕಿ ನೋಡುತ್ತಾರೆ. ಹೊಲಿಗೆ ಮಿಷನ್ ನಿಲ್ಲಿಸಿದಾಗಲೆಲ್ಲ ಕಿಟಕಿಯಿಂದ ಬರುವ ಸದ್ದು ಕೇಳಿ ಕೇಳಿ ಕಲಿತದ್ದು. ಸಂಜೆ ಹೊಲದ ಬದುವಿನ ಮೇಲೆ ಕೂತಿದ್ದಾಗ ಕಣ್ಣು ಮುಚ್ಚು ಅಂದರು. ಒಂದೊಂದೇ ಹೇಳುತ್ತಾ ಹೋದರು, ಗೌಜಲಕ್ಕಿ, ಟಿಟ್ಟಿಭ, ಕಾಜಾಣ, ದೂರದಲ್ಲಿ ನವಿಲು. ಕಣ್ಣು ಬಿಟ್ಟಾಗ ಎದುರಿಗೆ ಒಂದು ಹಕ್ಕಿಯೂ ಇರಲಿಲ್ಲ. ಅವರ ಅಜ್ಜ ಎರೆ ಹೊಲದಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ ನೋಡಿದ್ದರಂತೆ, "ಮನುಷ್ಯರಂಗೆ ನಡ್ಕಂಡು ಹೋಗ್ತಿತ್ತಂತಮ್ಮ" ಅಂದರು. ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಆ ಸದ್ದು ತನಗೆ ಗೊತ್ತಿಲ್ಲ ಅಂತ ಅಕ್ಕ ತುಂಬ ಹೊತ್ತು ಸುಮ್ಮನಿದ್ದರು.

ರಾತ್ರಿ ಅಮ್ಮ ಅಕ್ಕನ ಜೊತೆ ನಲವತ್ತು ನಿಮಿಷ ಮಾತಾಡಿದಳು. ಅರ್ಧ ಮಾತು ನನ್ನ ಬಗ್ಗೆ, ಇನ್ನರ್ಧ ತೋಳಿನ ಅಳತೆ ಬಗ್ಗೆ.

ದಿನ 2: ಹಿರಿಯೂರು – ಅಂಕಸಮುದ್ರ – ಹೊಸಪೇಟೆ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಅಲ್ಲಿಂದ 50ನೇ ಹೆದ್ದಾರಿ ಹಿಡಿದರೆ ಹೊಸಪೇಟೆವರೆಗೂ ಒಳ್ಳೇ ರಸ್ತೆ. ಟೋಲ್ ದಾಟಿದ ಎರಡು ನಿಮಿಷಕ್ಕೆ ಅಪ್ಪನ ಮೆಸೇಜು, "ಟೋಲ್ ದಾಟಿದ್ಯಾ, ಸರಿ." ಹೇಗೆ ಗೊತ್ತಾಯಿತು ಅಂತ ಗಾಬರಿಯಾದೆ. ಫಾಸ್ಟ್ಯಾಗ್ ಅಪ್ಪನ ನಂಬರಿಗೆ ಜೋಡಿಸಿದ್ದು, ದುಡ್ಡು ಕಟ್ಟಾದಾಗಲೆಲ್ಲ ಅವರ ಫೋನಿಗೆ ಸುದ್ದಿ ಹೋಗುತ್ತದೆ. ಅವರು ಫೋನ್ ಮಾಡಿ ಕಾಟ ಕೊಡಲಿಲ್ಲ, ಟೋಲಿಗೊಂದು ಮೆಸೇಜು ಮಾತ್ರ.

ಕೂಡ್ಲಿಗಿ ಹತ್ತಿರ ಹೆದ್ದಾರಿ ಬಿಟ್ಟು ಹಗರಿಬೊಮ್ಮನಹಳ್ಳಿ ಕಡೆ ತಿರುಗಿದೆ. ಅಲ್ಲಿ ನನ್ನ ಎರಡನೇ ಗೆಳತಿ ಇದ್ದಾಳೆ, ನನಗಿಂತ ಮೂರು ವರ್ಷ ಚಿಕ್ಕವಳು, ಆಗ ಡಿಗ್ರಿ ಓದುತ್ತಿದ್ದಳು. ಫೋನಿನಲ್ಲಿ ಅವಳಷ್ಟು ಮಾತು ಯಾರೂ ಆಡುವುದಿಲ್ಲ, ರಾತ್ರಿ ಒಂದು ಗಂಟೆಗೂ ಧ್ವನಿ ಸಂದೇಶ ಬರುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣನ ಜೊತೆ ನಿಂತಿದ್ದಳು. "ಬಂದ್ರಾ" ಅಂದಳು. ಆಮೇಲೆ ಮಾತೇ ಇಲ್ಲ. ಕಾರಿನಲ್ಲಿ ಕೂತಳು, ಕಿಟಕಿ ಕಡೆ ಮುಖ ಮಾಡಿದಳು. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ಮುಂದೆ ಕೂತು ನಾನು ಹತ್ತು ಪ್ರಶ್ನೆ ಕೇಳಿದೆ, ಹತ್ತಕ್ಕೂ ಹೂಂ ಅಥವಾ ಉಹೂಂ. ನನ್ನಿಂದ ಏನಾದರೂ ತಪ್ಪಾಯಿತಾ ಅಂತ ಹೊಟ್ಟೆಯೊಳಗೆ ಸಂಕಟ ಶುರುವಾಯಿತು. ನಿಜ ಹೇಳುತ್ತೇನೆ, ಬರಬಾರದಿತ್ತು ಅನಿಸಿತು.

ಅಂಕಸಮುದ್ರದ ಕೆರೆ ನೋಡಿದ ಮೇಲೆ ಇಬ್ಬರಿಗೂ ಮಾತಿನ ಚಿಂತೆ ಸ್ವಲ್ಪ ಹೋಯಿತು. ನೀರಿನ ಮಧ್ಯೆ ಜಾಲಿ ಮರಗಳು ನಿಂತಿವೆ, ಮರದ ತುಂಬ ಹಕ್ಕಿ. ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ, ಕೊಕ್ಕಿನ ನಡುವೆ ಸಂದು ಇರುವ ಬಾಯ್ಕಳಕ ಕೊಕ್ಕರೆ. ಇದೂ, ನಾನು ಮರುದಿನ ಹೋಗಲಿದ್ದ ಮಾಗಡಿ ಕೆರೆಯೂ, ಕುಮಟಾ ಕಡೆಯ ಅಘನಾಶಿನಿ ಅಳಿವೆಯೂ 2024ರಲ್ಲಿ ಒಟ್ಟಿಗೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ಪಟ್ಟಿಯಲ್ಲಿದ್ದುದು ರಂಗನತಿಟ್ಟು ಒಂದೇ.

ಏರಿ ಮೇಲೆ ಇಬ್ಬರೂ ಅರ್ಧ ಗಂಟೆ ಸುಮ್ಮನೆ ಕೂತಿದ್ದೆವು. ಆಗ ನನ್ನ ಫೋನ್ ಸದ್ದು ಮಾಡಿತು. ಅವಳದೇ ಮೆಸೇಜು. ಎರಡು ಮಾರು ದೂರದಲ್ಲಿ ಕೂತು ಬರೆದಿದ್ದಳು, "ಅಕ್ಕಾ ಬೇಜಾರು ಮಾಡ್ಕೋಬೇಡಿ. ನನಗೆ ಎದುರಿಗೆ ಮಾತಾಡೋಕೆ ಬರಲ್ಲ. ಮೂರು ದಿನದಿಂದ ನಿಮ್ಮನ್ನೇ ಕಾಯ್ತಿದ್ದೆ." ನಾನು ಅವಳ ಕಡೆ ತಿರುಗದೆ, ಅಲ್ಲೇ ಕೂತು ಉತ್ತರ ಬರೆದೆ. ಅವಳು ಮತ್ತೆ ಬರೆದಳು. ಹೀಗೇ ಒಂದು ತಾಸು ನಡೆಯಿತು. ಅವಳ ನಗು ಮಾತ್ರ ಕಿವಿಗೆ ಕೇಳುತ್ತಿತ್ತು, ಮಾತು ಫೋನಿಗೆ ಬರುತ್ತಿತ್ತು. ಬಿಟ್ಟು ಹೊರಡುವಾಗ ಕಾರಿನ ಕಿಟಕಿಯಿಂದ ಕೈ ಒಳಗೆ ಹಾಕಿ ನನ್ನ ಕೈ ಗಟ್ಟಿಯಾಗಿ ಹಿಡಿದಳು, ತುಂಬ ಹೊತ್ತು ಬಿಡಲಿಲ್ಲ. ಅವಳನ್ನು ತಪ್ಪು ತಿಳಿದಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವಳ ಮನೆಯಲ್ಲಿ ನೆಂಟರು ತುಂಬಿದ್ದರಿಂದ ಹೊಸಪೇಟೆಯಲ್ಲಿ ಒಂದು ಲಾಡ್ಜಿನಲ್ಲಿ ರೂಮು ಹೇಳಿಟ್ಟಿದ್ದೆ. ಹೋದರೆ ಕೌಂಟರಿನಲ್ಲಿದ್ದವನು ಆಧಾರ್ ಕಾರ್ಡು ತಿರುಗಿಸಿ ನೋಡಿ "ಜೊತೆಗೆ ಯಾರಿದ್ದಾರೆ?" ಅಂದ. ಯಾರೂ ಇಲ್ಲ ಅಂದೆ. "ಒಂಟಿ ಲೇಡೀಸಿಗೆ ಕೊಡಲ್ಲ ಮೇಡಂ." ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದರೆ, ಹೆಸರು ನೋಡಿ ಫ್ಯಾಮಿಲಿ ಅಂದುಕೊಂಡೆವು ಅಂದ. ಕತ್ತಲಾಗುತ್ತಿತ್ತು. ಮೊದಲಾಗಿದ್ದರೆ ನಾನು ಅಪ್ಪನಿಗೆ ಫೋನ್ ಮಾಡಿ ಅವನ ಕೈಗೆ ಕೊಡುತ್ತಿದ್ದೆ. ಕೈ ಫೋನಿನ ಮೇಲೇ ಇತ್ತು. ಮಾಡಲಿಲ್ಲ. ಕಟ್ಟಿದ್ದ ಮುಂಗಡ ಈಗಲೇ ವಾಪಸ್ ಬೇಕು, ಬರುವವರೆಗೆ ಇಲ್ಲೇ ಕೂತಿರುತ್ತೇನೆ ಅಂದೆ. ಧ್ವನಿ ನಡುಗುತ್ತಿತ್ತು, ಆದರೂ ಹೇಳಿದೆ. ಹದಿನೈದು ನಿಮಿಷದಲ್ಲಿ ದುಡ್ಡು ಬಂತು. ಎರಡು ಬೀದಿ ಆಚೆ ಇನ್ನೊಂದು ಲಾಡ್ಜಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಏನೂ ಕೇಳದೆ ಬೀಗದ ಕೈ ಕೊಟ್ಟು, "ಬಿಸಿನೀರು ಆರರಿಂದ ಎಂಟು" ಅಂದರು. ರೂಮಿಗೆ ಹೋಗಿ ಚಿಲಕ ಹಾಕಿ ಚೆನ್ನಾಗಿ ಅತ್ತೆ. ಆಮೇಲೆ ಚಕ್ಕುಲಿ ತಿಂದು ಮಲಗಿದೆ.

ದಿನ 3: ಹೊಸಪೇಟೆ – ಗದಗ – ಮಾಗಡಿ ಕೆರೆ

ಹಂಪಿಗೆ ಹೋಗಲಿಲ್ಲ. ವರ್ಷದ ಕೊನೆಯ ಜನಸಂದಣಿ, ನನ್ನ ಮನಸ್ಸೂ ಕೆರೆ ಕಡೆಗಿತ್ತು. ಕೊಪ್ಪಳ ದಾಟಿ ಗದಗಕ್ಕೆ ಬಂದೆ. ದಾರಿಯುದ್ದಕ್ಕೂ ಕಪ್ಪು ಮಣ್ಣು, ಜೋಳ, ಕಡಲೆ.

ಮಾಗಡಿ ಇರುವುದು ಶಿರಹಟ್ಟಿ ತಾಲ್ಲೂಕಿನಲ್ಲಿ. ಕೆರೆ ಏರಿಯ ಮೇಲೆ ನನ್ನ ಮೂರನೇ ಗೆಳೆಯ ಸೈಕಲ್ ಹಿಡಿದು ನಿಂತಿದ್ದ, ವಯಸ್ಸು 17. "ಅಕ್ಕಾರ, ಒಬ್ಬಾಕೀನ ಬಂದ್ರೇನ್ರೀ?" ಅಂತ ಎರಡು ಸಲ ಕೇಳಿದ, ನಂಬಲಾಗದೆ. ಅವನ ಹಿಂದೆ ಕೆರೆ, ಕೆರೆ ತುಂಬ ಹೆಬ್ಬಾತು.

ಹದಿನಾರು ಕೆರೆಯಲ್ಲಿ ನಾನು ನೋಡಿದ್ದು ಒಂದು ಹಿಂಡು. ಇಲ್ಲಿ ನೀರಿನ ಬಣ್ಣವೇ ಬೂದು ಅನ್ನುವ ಹಾಗಿತ್ತು. ಹಗಲೆಲ್ಲ ನೀರಿನಲ್ಲಿ ತೇಲುತ್ತಾ, ದಂಡೆಯಲ್ಲಿ ತಲೆ ಹಿಂದಕ್ಕೆ ಮಡಚಿ ಮಲಗುತ್ತವೆ. ಸಂಜೆಯಾದರೆ ಎದ್ದು ಹೊಲಗಳಿಗೆ ಹೋಗಿ ರಾತ್ರಿಯೆಲ್ಲ ಮೇಯುತ್ತವೆ, ಬೆಳಗಿನ ಜಾವ ವಾಪಸ್. ಹುಡುಗ ಪಾಠ ಒಪ್ಪಿಸಿದ ಹಾಗೆ ಎಲ್ಲ ಹೇಳಿದ. ಉಪಗ್ರಹದ ಸಾಧನ ಕಟ್ಟಿ ನೋಡಿದಾಗ ಒಂದು ಹಕ್ಕಿ 7 ಸಾವಿರ ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ಸಿಕ್ಕಿದೆಯಂತೆ. ಅಷ್ಟು ಮೇಲೆ ಗಾಳಿ ತೆಳು, ಆದರೆ ಇವುಗಳ ರಕ್ತ ಬೇರೆ ಹಕ್ಕಿಗಳ ರಕ್ತಕ್ಕಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. "ಅದಕ್ಕ ದಮ್ಮು ಹತ್ತಂಗಿಲ್ರೀ" ಅಂದ.

ಸೂರ್ಯ ಮುಳುಗಿದ ಮೇಲೆ ಶುರುವಾಯಿತು. ಮೊದಲು ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಹಕ್ಕಿ ಕೂಗಾಡಿದವು. ಆಮೇಲೆ ಇಡೀ ಕೆರೆ ಎದ್ದು ನಿಂತಿತು. ತಲೆಯ ಮೇಲೆ ಸಾಲು ಸಾಲಾಗಿ, ಮೂಗಿನಿಂದ ಹೊರಟ ಹಾಗೆ ಕೇಳುವ ಆಂಗ್ ಆಂಗ್ ಸದ್ದು, ರೆಕ್ಕೆಯ ಗಾಳಿ. ಕ್ಯಾಮೆರಾ ಕೊರಳಲ್ಲೇ ಇತ್ತು, ಎತ್ತಲು ನೆನಪಾಗಲಿಲ್ಲ.

ಅವು ಹೋಗಿದ್ದು ಹುಡುಗನ ಮನೆಯ ಹೊಲದ ದಿಕ್ಕಿಗೇ. ರಾತ್ರಿ ಊಟಕ್ಕೆ ಕೂತಾಗ ಅವನ ಅಪ್ಪ ನೇರವಾಗಿ ಕೇಳಿದರು. "ನೀವು ಬರ್ತೀರಿ, ಫೋಟೊ ಹೊಡಕೊಂಡ ಹೊಕ್ಕೀರಿ. ಕಡ್ಲಿ ತಿಂದ ಹೋದ್ರ ನಮಗ್ಯಾರ ಕೊಡ್ತಾರವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷ ಈ ಹಕ್ಕಿಯನ್ನು ಪ್ರೀತಿಸಿದ್ದೇನೆ, ಅದು ಏನು ತಿನ್ನುತ್ತದೆ, ಯಾರದು ತಿನ್ನುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅಜ್ಜಿ ಒಲೆ ಮುಂದೆ ರೊಟ್ಟಿ ಬಡಿಯುತ್ತಾ "ದೂರದಿಂದ ಬಂದಾವು, ತಿನ್ಲಿ ಬಿಡು" ಅಂದರು. ಅಪ್ಪ "ನಿನಗೇನವಾ, ಸಾಲ ನನ್ನ ಹೆಸರಿಗೈತಿ" ಅಂದರು. ಇಬ್ಬರ ಮಾತೂ ನಿಜ. ಹುಡುಗ ತಲೆ ತಗ್ಗಿಸಿ ಪುಂಡಿಪಲ್ಯ ಕಲಸುತ್ತಿದ್ದ. ರಾತ್ರಿ ಎರಡು ಗಂಟೆಗೆ ಅಪ್ಪ ಮಗ ಇಬ್ಬರೂ ಬ್ಯಾಟರಿ ಹಿಡಿದು ಹೊಲಕ್ಕೆ ಹೋದರು, ನಾನೂ ಹೋದೆ. ಹುಡುಗ ಹೋ ಅಂತ ಕೂಗಿ ಹಕ್ಕಿ ಎಬ್ಬಿಸಿದ. ಗುಂಪಿನಲ್ಲಿ ಇದೇ ಹಕ್ಕಿಯ ಫೋಟೋ ಎಲ್ಲರಿಗಿಂತ ಚೆನ್ನಾಗಿ ತೆಗೆಯುವವನು ಅವನೇ.

ದಿನ 4: ಮಾಗಡಿ – ಮುಂಡಗೋಡ – ಶಿರಸಿ

ಬೆಳಗಿನ ಜಾವ ಹೆಬ್ಬಾತುಗಳು ಕೆರೆಗೆ ಇಳಿಯುವುದನ್ನು ನೋಡಿ ಹೊರಟೆ. ಅಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಲಕ್ಷ್ಮೇಶ್ವರ, ಶಿಗ್ಗಾಂವಿ, ಬಂಕಾಪುರ. ಬಂಕಾಪುರದ ಕೋಟೆಯೊಳಗೆ ನವಿಲುಧಾಮ ಇದೆ, ಒಂದು ಸುತ್ತು ಹಾಕಿದೆ, ನಿಲ್ಲಲಿಲ್ಲ.

ಮುಂಡಗೋಡಕ್ಕೆ ಸ್ವಲ್ಪ ಮೊದಲು ಕಾರು ಎಡಕ್ಕೆ ಎಳೆಯತೊಡಗಿತು. ಪಂಕ್ಚರ್. ಅಪ್ಪ ಹೇಳಿಕೊಟ್ಟಿದ್ದನ್ನು ಒಂದೊಂದಾಗಿ ನೆನಪಿಸಿಕೊಂಡೆ. ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಜಾಕ್ ಏರಿಸುವ ಮೊದಲೇ ನಟ್ಟು ಸಡಿಲ. ನಾಲ್ಕನೇ ನಟ್ಟು ಜಪ್ಪಯ್ಯ ಅಂದರೂ ಬರಲಿಲ್ಲ. ಪಾನೆಯ ಮೇಲೆ ಹತ್ತಿ ನಿಂತೆ, ಕಿರ್ ಅಂತ ಬಿಟ್ಟಿತು. ಮುಕ್ಕಾಲು ಗಂಟೆ ಹಿಡಿಯಿತು.

ಹಳೇ ಟೈರಿಗೆ ಪಂಕ್ಚರ್ ಹಾಕಿಸಲು ಕೊಟ್ಟು, ಪಕ್ಕದ ಚಹಾ ಅಂಗಡಿಯಲ್ಲಿ ಕೂತೆ. ಮುಂಡಗೋಡದ ಪಕ್ಕದಲ್ಲೇ 1966ರಿಂದ ಟಿಬೆಟಿಯನ್ನರ ಕಾಲೊನಿ ಇದೆ. ಒಬ್ಬ ವಯಸ್ಸಾದ ಅಜ್ಜಿ ಜಪಮಣಿ ತಿರುಗಿಸುತ್ತಾ ಮೊಮ್ಮಗಳ ಜೊತೆ ಅಲ್ಲೇ ಕೂತಿದ್ದರು. ನಾನು ಕ್ಯಾಮೆರಾದಲ್ಲಿ ಮಾಗಡಿಯ ಫೋಟೋ ನೋಡುತ್ತಿದ್ದೆ. ಅಜ್ಜಿ ಬಗ್ಗಿ ನೋಡಿದರು. ಕೈಯಲ್ಲಿದ್ದ ಮಣಿ ನಿಂತಿತು. ಅವರ ಭಾಷೆಯಲ್ಲಿ ಏನೋ ಹೇಳಿದರು, ಮತ್ತೆ ಹೇಳಿದರು, ಬೆರಳಿನಿಂದ ಹಕ್ಕಿಯ ತಲೆಯ ಎರಡು ಪಟ್ಟೆ ಮುಟ್ಟಿದರು. ಮೊಮ್ಮಗಳು ಕನ್ನಡದಲ್ಲಿ ಹೇಳಿದಳು, "ಅಜ್ಜಿ ಊರಿನ ಕೆರೆಯಲ್ಲಿ ಇದು ಮೊಟ್ಟೆ ಇಡ್ತಿತ್ತಂತೆ. ಇಲ್ಲಿ ಎಲ್ಲಿ ಸಿಕ್ತು ಅಂತ ಕೇಳ್ತಿದ್ದಾರೆ." ಇಲ್ಲಿಂದ ಎರಡು ಮೂರು ತಾಸಿನ ದಾರಿ, ಮಾಗಡಿ ಅಂದೆ. ಮೊಮ್ಮಗಳು ಹೇಳಿದ್ದು ಅಜ್ಜಿಗೆ ಮೊದಲ ಸಲ ನಂಬಿಕೆ ಬರಲಿಲ್ಲ. ಇಷ್ಟು ವರ್ಷ ಇಲ್ಲೇ ಇದ್ದೂ ಅವರಿಗೆ ಗೊತ್ತಿರಲಿಲ್ಲ. ನಾನು ದಾರಿ ಬರೆದುಕೊಟ್ಟೆ, ಹುಡುಗನ ನಂಬರನ್ನೂ ಅವನನ್ನು ಕೇಳಿಯೇ ಕೊಟ್ಟೆ.

ಮುಂಡಗೋಡ ದಾಟಿದರೆ ಕಾಡು. ಟೋಲ್ ಇಲ್ಲ, ಅಪ್ಪನ ಮೆಸೇಜೂ ಇಲ್ಲ. ನಾನೇ ಫೋನ್ ಮಾಡಿ ಪಂಕ್ಚರ್ ವಿಷಯ ಹೇಳಿದೆ. ಅಪ್ಪ ಕೇಳಿದ್ದು ಒಂದೇ, "ನಟ್ಟು ಎದುರು ಬದುರು ಟೈಟ್ ಮಾಡಿದ್ಯಾ?" ಮಾಡಿದ್ದೆ.

ದಿನ 5: ಶಿರಸಿ ಹತ್ತಿರದ ಒಂದು ಊರು

ನಾಲ್ಕನೆಯವರು ಮೇಷ್ಟ್ರು. ನಿವೃತ್ತ ಶಿಕ್ಷಕರು, ಗುಂಪಿನಲ್ಲಿ ಎಲ್ಲರಿಗೂ ಹಿರಿಯರು. ನನಗೆ ಅವರ ಭಯ ಇತ್ತು. ಮೊದಲೆಲ್ಲ ಫೋಟೋ ಹಾಕಿದ ಕೂಡಲೇ ಹೆಸರು ಹೇಳುತ್ತಿದ್ದವರು, ಒಂದು ವರ್ಷದಿಂದ ಬರೀ ಪ್ರಶ್ನೆ ಕೇಳುತ್ತಿದ್ದರು. ಬಾಲ ಹೇಗಿತ್ತು? ಕೊರಳು ಯಾವ ಬಣ್ಣ? ಹಾರಿದಾಗ ರೆಕ್ಕೆಯಲ್ಲಿ ಏನು ಕಂಡಿತು? ಫೋಟೋದಲ್ಲೇ ಇದೆಯಲ್ಲ, ಯಾಕೆ ಹೀಗೆ ಪರೀಕ್ಷೆ ಮಾಡುತ್ತಾರೆ ಅಂತ ನನಗೆ ಸಿಟ್ಟೂ ಬರುತ್ತಿತ್ತು.

ಹಿಂದಿನ ಸಂಜೆ ಶಿರಸಿ ಪೇಟೆಯಲ್ಲಿ ಮೇಷ್ಟ್ರ ಮಗ ಸಿಕ್ಕಿ ದಾರಿ ತೋರಿಸಿಕೊಂಡು ಹೋಗಿದ್ದರು. ಅಡಿಕೆ ತೋಟದ ಮೇಲಿನ ಮನೆ. ಮೇಷ್ಟ್ರ ಮನೆಯ ಅಮ್ಮ ಬಾಗಿಲಲ್ಲೇ "ಆಸ್ರಿಗೆ ಎಂತ ಬೇಕು?" ಅಂದು, ನಾನು ಉತ್ತರ ಕೊಡುವ ಮೊದಲೇ ಮುರುಗಲ ಹಣ್ಣಿನ ಪಾನಕ ತಂದಿಟ್ಟಿದ್ದರು. ಮೇಷ್ಟ್ರು ಆಗಲೇ ಮಲಗಿದ್ದರು. ಬೆಳಿಗ್ಗೆ ಜಗಲಿಯಲ್ಲಿ ಸಿಕ್ಕರು. ನನ್ನ ಕಡೆ ಮುಖ ಸ್ವಲ್ಪ ಓರೆ ಮಾಡಿ ನೋಡುತ್ತಿದ್ದರು.

"ತಂಗಿ, ನಿನ್ನ ಕಿವಿ ಕಾಣ್ತದೆ, ಭುಜ ಕಾಣ್ತದೆ. ಮುಖ ಕಾಣೂದಿಲ್ಲ" ಅಂದರು.

ಕಣ್ಣಿನ ನಡುಭಾಗ ಮಸುಕಾಗಿ ಒಂದು ವರ್ಷದ ಮೇಲಾಗಿದೆ. ಅಂಚು ಕಾಣುತ್ತದೆ, ನಡುವೆ ಏನಿದೆಯೋ ಅದು ಕಾಣುವುದಿಲ್ಲ. ಆಮೇಲೆ ನಾವು ಹಾಕಿದ ಒಂದು ಫೋಟೋವನ್ನೂ ಅವರು ನೋಡಿಲ್ಲ. ನಾವು ಬರೆದ ಉತ್ತರವನ್ನು ಅಮ್ಮ ಓದಿ ಹೇಳುತ್ತಿದ್ದರು, ಅದರಿಂದ ಹಕ್ಕಿ ಕಟ್ಟಿಕೊಳ್ಳುತ್ತಿದ್ದರು. ಗುಂಪಿಗೆ ಹೇಳಬಾರದಿತ್ತೇ ಅಂದೆ. "ಹೇಳಿದ್ರೆ ನೀವು ಕೇಳೂದು ಬಿಡ್ತಿದ್ರಿ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಪಾದ ಮುಟ್ಟಿದೆ.

ದಿನವೆಲ್ಲ ಅವರ ಜೊತೆಗೇ ಇದ್ದೆ. ಸಂಜೆ ತೋಟದ ಆಚೆಯ ಗೋಳಿ ಮರ ಹಣ್ಣಾಗಿತ್ತು, ಅಲ್ಲಿಗೆ ಹೋಗಿ ಕೂತೆವು. ತಲೆಯ ಮೇಲೆ ಉಸ್ಸ್ ಉಸ್ಸ್ ಅಂತ ರೆಕ್ಕೆಯ ಸದ್ದು ಬಂತು. ಮಂಗಟ್ಟೆ, ಅಂದರೆ ಹಾರ್ನ್‌ಬಿಲ್. ದೊಡ್ಡ ಮಂಗಟ್ಟೆ, ಚಿಕ್ಕ ಮಂಗಟ್ಟೆ ಅಂತ ಬೇರೆ ಬೇರೆ ಜಾತಿ ಇಲ್ಲಿವೆ. ಗೂಡು ಕಟ್ಟುವಾಗ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸಂದು ಮಾತ್ರ ಬಿಟ್ಟು. ಅದರ ಮೂಲಕ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಕೊಡುತ್ತದೆ. ಜೋಡಿ ಮರದ ತುದಿಗೆ ಇಳಿಯಿತು, ಬೆಳಕು ಎದುರಿಗಿತ್ತು.

"ಯಾವುದು?" ಅಂದರು.

"ದೊಡ್ಡ ಮಂಗಟ್ಟೆ" ಅಂದೆ. ಪ್ರಶ್ನೆ ಚಿಹ್ನೆ ಇಲ್ಲದೆ. ಹೇಳಿದ ಮೇಲೆ ಎದೆ ಹೊಡೆದುಕೊಂಡಿತು.

ಅವರು ಮರುಪ್ರಶ್ನೆ ಕೇಳಲಿಲ್ಲ. ಮನೆಗೆ ಬಂದು ನೋಟ್‌ಬುಕ್ ಕೊಟ್ಟರು. ಎಷ್ಟೋ ವರ್ಷದ ದಿನಚರಿ ಕಪಾಟಿನ ತುಂಬ ಇದೆ. "ಬರೆ. ದಿನ, ಹೊತ್ತು, ಮರ, ಹಕ್ಕಿ." ಪೆನ್ನಿನಲ್ಲಿ ಬರೆದೆ.

ರಾತ್ರಿ ಹಾಸಿಗೆಯಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ಕೊರಳು ಕಪ್ಪು. ದೊಡ್ಡ ಮಂಗಟ್ಟೆಗೆ ಕೊರಳು ಹಳದಿ ಛಾಯೆ ಇರಬೇಕು. ರೆಕ್ಕೆಯ ನಡುವೆ ಬಿಳಿ ಪಟ್ಟೆ ಇಲ್ಲ, ಹಿಂದಿನ ಅಂಚಿಗೆ ಮಾತ್ರ ಬಿಳಿ. ಬಾಲಕ್ಕೆ ಅಡ್ಡ ಪಟ್ಟೆ ಇಲ್ಲ, ನಡುವೆ ಕಪ್ಪು, ಪಕ್ಕದ ಗರಿ ಬಿಳಿ. ಅದು ಮಲಬಾರ್ ಕಪ್ಪು ಬಿಳಿ ಮಂಗಟ್ಟೆ. ಕಣ್ಣು ಕಾಣದ ಒಬ್ಬರ ದಿನಚರಿಯಲ್ಲಿ, ಅವರು ನನ್ನ ಕಣ್ಣು ನಂಬಿ ಕೊಟ್ಟ ಪುಟದಲ್ಲಿ, ನಾನು ಸುಳ್ಳು ಬರೆದಿದ್ದೆ. ಗುಂಪಿಗೆ ಹಾಕಿ ಕೇಳೋಣ ಅನಿಸಿತು. ಕೇಳಲಿಲ್ಲ. ನೋಡಿದ್ದು ಸಾಕಷ್ಟು ಸ್ಪಷ್ಟ ಇತ್ತು.

ದಿನ 6: ಶಿರಸಿ – ಶಿವಮೊಗ್ಗ

ದೋಸೆಗೆ ಕೂತಾಗಲೇ ಹೇಳಿದೆ. "ಮೇಷ್ಟ್ರೇ, ನಿನ್ನೆ ನಾನು ಹೇಳಿದ್ದು ತಪ್ಪು."

ಅವರು ತಿನ್ನುವುದು ನಿಲ್ಲಿಸಿದರು. "ಕೊರಳು?"

"ಕಪ್ಪು."

"ರೆಕ್ಕೆ ನಡುವೆ ಬಿಳಿ?"

"ಇಲ್ಲ. ಅಂಚಿಗೆ ಮಾತ್ರ."

"ಬಾಲ?"

"ಪಕ್ಕದ ಗರಿ ಬಿಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಗೆರೆ ಎಳೆ. ಕೆಳಗೆ ಸರಿ ಹೆಸರು ಬರೆದು ನಿನ್ನ ಸಹಿ ಹಾಕು. ಹಾಳೆ ಹರೀಬೇಡ, ಹಳೇದು ಓದಲಿಕ್ಕೆ ಬರಬೇಕು" ಅಂದರು. ಆಮೇಲೆ ಅಮ್ಮನಿಗೆ ಹೇಳಿ ಹಳೇ ನೋಟ್‌ಬುಕ್ ಒಂದನ್ನು ತೆಗೆಸಿದರು. ಪುಟ ಪುಟದಲ್ಲೂ ಅವರದೇ ಕೈಯ ಗೆರೆಗಳು, ಗೆರೆಯ ಕೆಳಗೆ ಬೇರೆ ಹೆಸರು, ಬೇರೆ ದಿನಾಂಕ. ಒಂದು ಕಡೆ ನಾಲ್ಕು ವರ್ಷ ಬಿಟ್ಟು ತಿದ್ದಿದ್ದರು. ನಾನು ಗೆರೆ ಎಳೆದೆ, ಹೆಸರು ಬರೆದೆ, ಸಹಿ ಹಾಕಿದೆ.

ಹೊರಡುವಾಗ ತೋಟದ ದಾರಿವರೆಗೆ ಕೋಲೂರಿಕೊಂಡು ಬಂದರು. "ಇನ್ನು ಮೇಲೆ ಗುಂಪಿನಲ್ಲಿ ನಾನು ಕೇಳೂದರ ಮೊದಲೇ ಬಾಲದ ವಿಷಯ ಬರೆ ಮಾರಾಯ್ತಿ" ಅಂದರು.

ಸಾಗರದ ಮೇಲೆ ಶಿವಮೊಗ್ಗ ಮುಟ್ಟಿದಾಗ ನಾಲ್ಕು ಗಂಟೆ. ಲಾಡ್ಜಿನವರು ಏನೂ ಕೇಳಲಿಲ್ಲ. ಬೇಗ ಮಲಗಿದೆ.

ದಿನ 7: ಶಿವಮೊಗ್ಗ – ಮೈಸೂರು

ತರೀಕೆರೆ, ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ. ಬರೆಯುವಂಥದ್ದು ಏನೂ ಆಗಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಮತ್ತೆ ಸಿಕ್ಕಿತು, ದಾಟಿ ಬಂದೆ.

ಮನೆ ಮುಟ್ಟಿದಾಗ ಅಮ್ಮ ಗೇಟಿನ ಹತ್ತಿರವೇ ಇದ್ದಳು, ಬೆಳಿಗ್ಗೆಯಿಂದ ಅಲ್ಲೇ ಇದ್ದ ಹಾಗೆ. ತಬ್ಬಿಕೊಂಡು "ಸೊರಗಿದ್ದೀಯಾ" ಅಂದಳು. ಅಕ್ಕ ಕೊಟ್ಟ ಬ್ಲೌಸ್ ಬಿಚ್ಚಿ ಅಲ್ಲೇ ಮೈಮೇಲೆ ಹಿಡಿದು ನೋಡಿದಳು, ಅಳತೆ ಸರಿ ಇತ್ತು. ಅಪ್ಪ ಮೀಟರ್ ನೋಡಿದರು, 1,080 ಕಿಲೋಮೀಟರ್ ಜಾಸ್ತಿಯಾಗಿತ್ತು. ಬದಲಾಯಿಸಿದ ಚಕ್ರದ ಹತ್ತಿರ ಕೂತು ನಾಲ್ಕೂ ನಟ್ಟನ್ನು ಬೆರಳಿನಲ್ಲಿ ಮುಟ್ಟಿದರು.

"ನಾಳೆ ಹದಿನಾರು ಕೆರೆಗೆ ಹೋಗೋಣ. ನಿನ್ನ ಬಾತು ನಾನು ನೋಡೇ ಇಲ್ಲ. ನೀನೇ ಓಡಿಸು" ಅಂದರು.

ಮರುದಿನ ಕತ್ತಲಿರುವಾಗಲೇ ಹೊರಟೆವು. ಅಪ್ಪ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಉಳಿದ ಚಕ್ಕುಲಿಯ ಡಬ್ಬಿ. ಊರ ಹೊರಗಿನ ತಿರುವಿನಲ್ಲಿ ಅವರ ಬಲಗಾಲು ನೆಲ ಒತ್ತಿತು. ನಾನೂ ಅದೇ ಹೊತ್ತಿಗೆ ಬ್ರೇಕ್ ಒತ್ತಿದ್ದೆ.